ಸಣ್ಣೀರ ಕಿತ್ತ ಎಲ್ಲೆಕಲ್ಲು

“ಮಕ್ಕಳಿಗೆ ನೀರು ಸೋಸಿ ಕೊಡಿ. ಮಣ್ಣು ಬರ್ತಿದೆ.”

ಸಣ್ಣೀರನ ಹೆಂಡತಿ ಚಿಕ್ಕತಾಯಿ ಕೊನೆಗೆ ಹೇಳಿದ್ದು ಇಷ್ಟೆ. ಕೆಸರು ನೀರಿನ ಜ್ವರ ಅವಳನ್ನು ಕೊಂಡೊಯ್ದಿತು.

ಬಹಳ ಹಿಂದಿನ ಮಾತು. ಕರಡಿಗೂ ಹಕ್ಕಿಗೂ ಮಾತು ಬರುತ್ತಿದ್ದ ಕಾಲ. ಏಳುಹಳ್ಳವೆಂಬ ರಾಜ್ಯದಲ್ಲಿ ಒಂದು ಪದ್ಧತಿ ಇತ್ತು. ಮಗು ಹುಟ್ಟಿದರೆ ಅಪ್ಪ ತನ್ನ ಹೊಲದಾಚೆ ಕಾಡು ಕಡಿದು ಹೊಸ ಎಲ್ಲೆಕಲ್ಲು ನೆಡಬೇಕು. ಅದು ಮಗುವಿನ ಪಾಲು. ಸಣ್ಣೀರ ಐದು ಕಲ್ಲು ನೆಟ್ಟಿದ್ದ. ಎಲ್ಲರೂ ನೆಟ್ಟಿದ್ದರು. ಬೆಟ್ಟ ಬೋಳಾಯಿತು. ಮಳೆ ಬಂದಾಗೆಲ್ಲ ಮಣ್ಣು ಜಾರಿ ಸಣ್ಣೀರನ ಊರಿನ ಒಂದೇ ಒರತೆಗೆ ಬಿತ್ತು.

ಬೆಟ್ಟದ ತುದಿಯಲ್ಲಿ ಬೋಳಜ್ಜನೆಂಬ ಮಾಟಗಾರ. ಒಂದು ಕಲ್ಲು ನೆಟ್ಟರೆ ಅವನು ಒಂದು ಗೇಣು ಬೆಳೆಯುತ್ತಿದ್ದ. ಈಗ ತಲೆ ಮೋಡಕ್ಕೆ ತಾಗುತ್ತಿತ್ತು.

ಹೆಂಡತಿಯನ್ನು ಮಣ್ಣು ಮಾಡಿದ ಒಂಬತ್ತನೇ ದಿನ ಸಣ್ಣೀರ ಬೆಟ್ಟ ಹತ್ತಿದ. ಒರತೆ ತಿಳಿಯಾಗಬೇಕು ಎಂದು ಬೋಳಜ್ಜನನ್ನು ಕೇಳಬೇಕಿತ್ತು. ಐದು ಮಕ್ಕಳು ಅದನ್ನೇ ಕುಡಿಯುತ್ತಿದ್ದರು.

ಮೊದಲು ಕರಡಿ ಅಡ್ಡ ಬಂತು. “ನನ್ನ ಗವಿ ಅಗೆದು ಹೊಲ ಮಾಡಿದವನು ಯಾರೋ?”

“ನಾನೇ.”

ಕರಡಿ ದಾರಿ ಬಿಟ್ಟಿತು.

ಆಮೇಲೆ ಮರಕುಟಿಗ. “ನನ್ನ ಮರ ಕಡಿದವನು ಯಾರೋ?”

“ನಾನೇ.”

“ಇಲ್ಲಿವರೆಗೆ ಬಂದವರೆಲ್ಲ ಪಕ್ಕದ ಮನೆಯವನು ಅಂತಿದ್ರು,” ಎಂದು ಹಕ್ಕಿ ಬದಿಗೆ ಹಾರಿತು.

ಮೂರನೆಯವನು ಬೋಳಜ್ಜ. ಬಗ್ಗಿ ಅಂಗೈ ತೆರೆದ. ಅಂಗೈ ಮೇಲೆ ಚಿಕ್ಕತಾಯಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು.

“ಇನ್ನೊಂದು ಕಲ್ಲು ನೆಡು. ಕರ್ಕೊಂಡು ಹೋಗು.”

ಸಣ್ಣೀರ ಬಹಳ ಹೊತ್ತು ನೋಡಿದ.

“ಬಂದು ಯಾವ ನೀರು ಕುಡೀತಾಳೆ?” ಎಂದ.

ಬೆನ್ನು ತಿರುಗಿಸಿ ಬೆಟ್ಟ ಇಳಿದ. ನೆಟ್ಟರೆ ಬೆಳೆಯುವವನು ಕಿತ್ತರೆ ಕುಗ್ಗಲೇಬೇಕು ಅಂದುಕೊಂಡ.

ಮರುದಿನ ಬೆಳಿಗ್ಗೆ ಹಾರೆ ತಂದು ತನ್ನ ಐದನೇ ಕಲ್ಲು ಕಿತ್ತು ಆ ಹೊಲವನ್ನು ಕಾಡಿಗೆ ಬಿಟ್ಟ. ಪಕ್ಕದ ಹೊಲದ ತಿಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನಣ್ಣ, ಮಕ್ಕಳಿಗೆ ಮಣ್ಣು ತಿನ್ನಿಸ್ತೀಯಾ?”

“ಈಗ ಕುಡಿಸ್ತಿರೋದು ಅದನ್ನೇ ಅಲ್ವೇನಮ್ಮ? ಒರತೆ ತುಂಬಿ ಹರಿದ್ರೆ ಕೆಳಗಿನ ಹೊಲವೇ ಎರಡು ಬೆಳೆ ಕೊಡುತ್ತೆ.”

ತಿಮ್ಮಕ್ಕ ಸೀರೆ ಎತ್ತಿ ಕಟ್ಟಿ ತನ್ನ ಕಲ್ಲಿಗೆ ಕೈ ಹಾಕಿದಳು. ಅವಳ ಹಿಂದೆ ಊರೇ ಬಂತು. ಬೋಳಜ್ಜ ಗೇಣು ಗೇಣಾಗಿ ಕುಗ್ಗಿ ಮಿಡತೆಯಷ್ಟಾದ. ಒಂದು ಕೋಳಿ ಕುಕ್ಕಿ ತಿಂದಿತು. ಬೆಟ್ಟಕ್ಕೆ ಕಾಡು ಬಂತು. ಒರತೆ ತಿಳಿಯಾಯಿತು. ಎರಡು ಬೆಳೆ ಉಂಡು ಎಲ್ಲರೂ ಚೆನ್ನಾಗಿದ್ದರು.

ಅದೆಲ್ಲ ಆದದ್ದು ಆಮೇಲೆ. ಆ ಬೆಳಿಗ್ಗೆ ಸಣ್ಣೀರ ಬೆವರು ಒರೆಸಿಕೊಂಡ. ನಾಲ್ಕನೇ ಕಲ್ಲಿನ ಬುಡಕ್ಕೆ ಹಾರೆ ಹಾಕಿದ.