ಸೀಸವಿಲ್ಲದ ಬಿಳಿ ಪುಡಿ

ಆಣೆ ಮಾಡಿ ಹೇಳ್ತೀನಿ, ಅವತ್ತು ಲ್ಯಾಬಿನಲ್ಲಿ ಯಶೋಧಾ ಕಣ್ಣು ಕೆಕ್ಕರಿಸಿದ ಬಿಸಿಗೆ ಹರಪನಹಳ್ಳಿ ಮಾರ್ಕೆಟ್ಟಿನ ಮೆಕ್ಕೆಜೋಳವೆಲ್ಲ ಚೀಲದೊಳಗೇ ಅರಳಾಗಿಬಿಟ್ಟಿತು!

ಎದುರಿಗಿದ್ದವನು ಕೊಟ್ಟೂರಿನ ಗುರುಬಸವರಾಜ. ಕಾಲೇಜಿನ ಲ್ಯಾಬಿನಲ್ಲಿ ವರ್ಷದಿಂದ ಅವಳ ಜೊತೆಗಾರ. ಅಂಥ ಚೆಲುವ ಮೂರು ಜಿಲ್ಲೆಯಲ್ಲೂ ಹುಟ್ಟಿಲ್ಲ, ಬರೆದಿಟ್ಟುಕೊಳ್ಳಿ!

"ನನ್ನ ಪುಡಿ ಎಲ್ಲೈತಿ ಗುರು?"

"ಚೆಲ್ಲಿದೆ..."

ಚೆಲ್ಲಿದನೇ!

ಒತ್ತಿದರೆ ಕರೆಂಟ್ ಹುಟ್ಟಿಸುವ ಪಿಂಗಾಣಿ ಬಿಲ್ಲೆಗೆಂದು ಅವಳು ಮಾಡಿದ ಪುಡಿ ಅದು. ಅಂಥ ಬಿಲ್ಲೆಗೆ ಹೆಚ್ಚಾಗಿ ಸೀಸ ಬೆರೆಸುತ್ತಾರೆ. ಸೀಸ ಬೇಡವೆಂಬುದೇ ಯಶೋಧಾಳ ಹಟ. ಅವಳಪ್ಪ ಪಾಲಯ್ಯ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಅಂಗಡಿಯಲ್ಲಿ ಹಳೇ ಬ್ಯಾಟರಿಗಳ ಸೀಸ ಕರಗಿಸಿ ಕರಗಿಸಿ, ಅದರ ವಿಷ ಮೈಗೇರಿ, ಈಗ ತುತ್ತೆತ್ತಿದರೆ ಕೈ ನಡುಗುತ್ತಿತ್ತು.

ಟೆಫ್ಲಾನ್ ಡಬ್ಬಿಯಲ್ಲಿ ನೀರು, ಕ್ಷಾರ, ಬೇರಿಯಂ, ಟೈಟಾನಿಯಂ ಹಾಕಿ, ಉಕ್ಕಿನ ಗಡಿಗೆಯೊಳಗೆ ಬಿಗಿದು, ಓವನ್ನಿನಲ್ಲಿ ಬೇಯಿಸಿದ್ದಳು. ಆರಿದ ಮೇಲೆ ಇಬ್ಬರೂ ಸೇರಿ ಮುಚ್ಚಳ ತೆಗೆಯುವುದೆಂದು ಮಾತಾಗಿತ್ತು.

"ನಾಳೆ ಪರೀಕ್ಷಕರು ಬರ್ತಾರ. ಏನ್ ತೋರಿಸ್ಲಿ?"

"ಅದರಾಗ ಸೀಸ ಐತಿ ಯಶೋಧಾ. ದಾವಣಗೆರಿಗೆ ಒಯ್ದು ಟೆಸ್ಟ್ ಮಾಡಿಸ್ದೆ."

"ನಾನು ಹಾಕೇ ಇಲ್ಲಲ್ಲ!"

"ಡಬ್ಬಿ... ಹೋದ ವರ್ಷ, ನೀ ಲ್ಯಾಬಿಗೆ ಬರೂಕಿಂತ ಮೊದಲ, ನಾನು ಅದರಾಗ ಸೀಸದ ಪುಡಿ ಬೇಯಿಸಿದ್ದೆ. ಒಳಗ ಹೀರ್ಕೊಂಡಿತ್ತು. ತೊಳದ್ರ ಹೋಗ್ತೈತಿ ಅನ್ಕೊಂಡು ನಿನಗ ಹೇಳಲಿಲ್ಲ. ಆಮೇಲ ಅನುಮಾನ ಬಂತು, ಅದಕ್ಕ ನಾನೊಬ್ನ ಮುಚ್ಚಳ ತೆಗದೆ."

ಯಶೋಧಾ ಮೇಜಿನ ಮೇಲಿನ ಖಾಲಿ ಡಬ್ಬಿಯನ್ನು ದಿಟ್ಟಿಸಿದಳು. ನಮ್ಮನೆಯಲ್ಲಿ ಉಂಡಿದ್ದಾನೆ... ಅಪ್ಪನ ತಟ್ಟೆಯಲ್ಲಿ ಅನ್ನ ಕಲಸಿಕೊಟ್ಟಿದ್ದಾನೆ... ಅದೇ ಕೈಯಿಂದ ನನಗೆ ಈ ಡಬ್ಬಿ ಕೊಟ್ಟನಲ್ಲ!

"ಮೊದಲೇ ಒಂದು ಮಾತು ಹೇಳಿದ್ರ ಸಾಕಿತ್ತು. ಯಾಕ ಮುಚ್ಚಿಟ್ಟಿ? ಹೋಗು, ಮುಖ ತೋರಿಸಬ್ಯಾಡ!"

ಮರುದಿನ ಬರಿಗೈಯಲ್ಲಿ ಪರೀಕ್ಷಕರ ಮುಂದೆ ನಿಂತು, ಇದ್ದದ್ದನ್ನು ಇದ್ದಂತೆ ಹೇಳಿದಳು. ಮತ್ತೆ ಮಾಡಲು ಅವರು ಒಂದು ತಿಂಗಳು ಕೊಟ್ಟರು. ಗುರುಬಸವರಾಜ ಹೊಸ ಡಬ್ಬಿ ತಂದು ಮೇಜಿನ ಮೇಲಿಟ್ಟ. ತೆಗೆದುಕೊಂಡಳು... ಅವನತ್ತ ನೋಡಲಿಲ್ಲ.

ಈ ಸಲದ ಪುಡಿಯನ್ನು ಅಪ್ಪನ ಅಂಗಡಿಯ ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆದಳು. ಟೆಸ್ಟಿನಲ್ಲಿ ಸೀಸದ ಸುಳಿವಿಲ್ಲ! ಬಿಲ್ಲೆ ಮಾಡಿ, ಸುಟ್ಟು, ಹದಗೊಳಿಸಿ ಬೆರಳಿಂದ ತಟ್ಟಿದಳು. ಮೀಟರಿನ ಮುಳ್ಳು ಜಿಗಿಯಿತು!

ಜಿಗಿದದ್ದೇ ತಡ, ಯಶೋಧಾ ಓಡಿಬಂದು ಗುರುಬಸವರಾಜನ ಎದೆಗೊರಗಿ, "ನೀನಿಲ್ಲದೆ ಬದುಕಲಾರೆ" ಎಂದು ಬಿಕ್ಕಿಬಿಕ್ಕಿ...

"ಯಾರ್ರೀ ಓಡಿ ಬಂದಿದ್ದು?"

ಅಯ್ಯೋ! ನಾನು ಬರೆಯುತ್ತಿರುವುದನ್ನು ಬೆನ್ನ ಹಿಂದೆಯೇ ನಿಂತು ಓದುತ್ತಿದ್ದಾಳೆ, ನನ್ನ ಹೆಂಡತಿ ಯಶೋಧಾ!

ಆಯ್ತು, ನಿಜ ಹೇಳ್ತೀನಿ. ಆ ಗುರುಬಸವರಾಜ ನಾನೇ. ಅವಳು ಬಿಲ್ಲೆಯನ್ನು ಅಪ್ಪನಿಗೆ ತೋರಿಸಲು ಹೊರಟಳು. ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಓಡಿದವನು ನಾನು. ಬ್ಯಾಟರಿ ಅಂಗಡಿಯ ಮುಂದೆ, ಜನರ ನಡುವೆ, ಮಗುವಿನಂತೆ ಅತ್ತವನೂ ನಾನೇ.

ಅವತ್ತು ಅವಳು ಅಂಗಡಿ ಬಾಗಿಲಲ್ಲೇ ನಿಂತು ನನ್ನತ್ತ ತಿರುಗಿದಳು.

"ಇನ್ನೇನಾದ್ರೂ ಮುಚ್ಚಿಟ್ಟೀಯೇನು ನನ್ನಿಂದ?"

"ಒಂದೇ... ನೀ ಅಂದ್ರ ನನಗ ಜೀವ."

ಕಣ್ಣೊರೆಸಿಕೊಂಡು ನಕ್ಕುಬಿಟ್ಟಳು.

"ಅದನ್ನೆಲ್ಲಿ ಮುಚ್ಚಿಟ್ಟಿದ್ಯೋ ಲೇ? ಇಡೀ ಕಾಲೇಜಿಗೇ ಗೊತ್ತೈತಿ!"