ಕಂದು ರಟ್ಟಿನ ಪುಸ್ತಕ

ಡ್ರಾಯರ್‌ಗೆ ಬೀಗ ಹಾಕಿಯೇ ಇತ್ತು. ಆದರೆ ಒಳಗೆ ಹನ್ನೊಂದು ಪುಸ್ತಕಗಳಿರಬೇಕಾದಲ್ಲಿ ಹತ್ತೇ ಇದ್ದವು.

ಸಲಹೆಗಾರ್ತಿ ಮತ್ತೊಮ್ಮೆ ಎಣಿಸಿದಳು. ಹತ್ತೇ! ಕಾಣದಿದ್ದುದು ಕಂದು ರಟ್ಟಿನದು — ಗಾಜಿನ ಬಾಟಲಿ ಕಾರ್ಖಾನೆಯ ಮ್ಯಾನೇಜರ್ ಮೇಡಂ ಅವರದು. ಹನ್ನೊಂದಕ್ಕೆ ಅವರು ಬರುವವರಿದ್ದರು. ಈಗ ಹತ್ತೂಕಾಲು.

ದರ್ಜಿ ಅಂಗಡಿಯ ಮೇಲಿನ ಈ ಎರಡು ಕೋಣೆಗಳಲ್ಲಿ ಅವಳು ಕೊಡುತ್ತಿದ್ದುದು ಒಂದೇ ಸರಕು — ಗುಟ್ಟು ಕಾಯುವ ಭರವಸೆ. ದೊಡ್ಡ ಹುದ್ದೆಯವರು ಬಂದು, ಬೇರೆ ಯಾರ ಮುಂದೂ ಆಡದ ಮಾತನ್ನು ಇಲ್ಲಿ ಆಡುತ್ತಿದ್ದರು. ಆಡಿದ್ದನ್ನು ಆಡಿದ ಹಾಗೆಯೇ, ತುಂಡು ತುಂಡು ಸಾಲುಗಳಲ್ಲಿ ಅವಳು ಬರೆದಿಡುತ್ತಿದ್ದಳು. ಆ ಪುಟಗಳು ಕಾರ್ಖಾನೆಯ ಯಾರ ಕೈಗಾದರೂ ಸಿಕ್ಕರೆ ಮೇಡಂ ಮುಂದಿನ ಸಭೆಯಲ್ಲಿ ತಲೆಯೆತ್ತಿ ಕೂರುವಂತಿರಲಿಲ್ಲ. ಇವಳೂ ಬೋರ್ಡು ಇಳಿಸಬೇಕಾದೀತು.

ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಹಿಂದಿನ ಬೀದಿಯ ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಕಿವಿಗೆ ಕೆಂಪು ಪೆನ್ನು ಸಿಕ್ಕಿಸಿಕೊಂಡೇ ಮೆಟ್ಟಿಲು ಹತ್ತಿ ಬಂದಳು.

"ನಡುಗಬೇಡ ಕಣೇ. ಕೀಲಿ ಎಲ್ಲಿರುತ್ತೆ?"

"ಹೂಕುಂಡದ ಕೆಳಗೆ."

"ಯಾರಿಗೆಲ್ಲ ಗೊತ್ತು?"

"...ಎಲ್ರಿಗೂ."

"ಚೆನ್ನಾಗಿದೆ! ಮತ್ತೆ ಬೀಗ ಯಾಕೆ, ಅಂದಕ್ಕಾ?"

ಎಲ್ಲರೂ ಎಂದರೆ ಮೂವರು. ಮುಂದಿನ ಕೋಣೆಯ ರಿಸೆಪ್ಷನಿಸ್ಟ್. ಕಂಪನಿಗಳಿಗೆ ಹೋಗಿ ತರಬೇತಿ ನಡೆಸುವ ಪಾಲುದಾರ. ನಿನ್ನೆ ಸಂಜೆ ಟ್ಯೂಬ್‌ಲೈಟ್ ಬದಲಿಸಲು ಬಂದಿದ್ದ ಸಲಹೆಗಾರ್ತಿಯ ಗಂಡ.

ಅಕ್ಕ ಮೊದಲು ಅವನಿಗೇ ಫೋನ್ ಮಾಡಿದಳು.

"ಲೈಟು ಹಾಕ್ದೆ, ಬಂದೆ, ಅಷ್ಟೇ ಅಕ್ಕಾ," ಎಂದ ಅವನು. "ಪುಸ್ತಕ ಓದೋನಾಗಿದ್ರೆ ನಿಮ್ಮ ತಂಗಿ ಹತ್ರ ದಿನಾ ಬೈಸಿಕೊಳ್ತಿದ್ನಾ?"

ರಿಸೆಪ್ಷನಿಸ್ಟ್ ಸೆರಗಿನ ತುದಿ ತಿರುಚುತ್ತ ನಿಂತಿದ್ದಳು.

"ಬೆಳಿಗ್ಗೆ ಬಾಗಿಲು ತೆಗೆದಿದ್ದು ನೀವೇ ಅಲ್ವಾ?" ಅಕ್ಕ ಕೇಳಿದಳು.

"ನಾನೇ. ಅಷ್ಟಕ್ಕೇ ಕಳ್ಳಿ ಆಗ್ಬಿಟ್ನಾ? ಆರು ವರ್ಷದಿಂದ ಇಲ್ಲಿ ಕೂತಿದ್ದೀನಿ. ಹೆಜ್ಜೆ ಸದ್ದಲ್ಲೇ ಯಾರು ಬಂದ್ರು ಅಂತ ಹೇಳ್ತೀನಿ. ಅವರ ಕಷ್ಟ ಏನು ಅಂತ ಮಾತ್ರ ಒಬ್ಬರದ್ದೂ ಗೊತ್ತಿಲ್ಲ!" ಕಣ್ಣು ತುಂಬಿಕೊಂಡಿತು.

ಪಾಲುದಾರ ತಾನೇ ಒಂದು ಲೋಟ ನೀರು ತಂದುಕೊಟ್ಟ.

"ಗಾಬರಿ ಬೇಡ, ಮನೇಲೆಲ್ಲೋ ಮರೆತಿರ್ತೀರಿ. ಪಾಪ, ಆ ಮೇಡಂಗೆ ಮೊದಲೇ ಅತ್ತೆ ಕಾಟ. ಸಭೆ ಮುಗಿದ್ರೂ ನೆಮ್ಮದಿ ಇಲ್ಲ. ಅದರ ಮೇಲೆ ಇದು ಬೇರೆ..."

ಅಕ್ಕ ಅವನನ್ನೇ ನೋಡಿದಳು. ತಂಗಿಯ ತೋಳು ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು.

"ಆ ಮೇಡಂಗೆ ಮದುವೆ ಆಗಿದೆಯಾ?"

"ಅಕ್ಕಾ, ಇಲ್ಲಿಯ ಮಾತು ನಾನು—"

"ಗುಟ್ಟು ಬೇಡ. ಹೌದಾ, ಇಲ್ವಾ?"

"ಇಲ್ಲ. ಸೋದರತ್ತೆ ಕೂಡ ಇಲ್ಲ. ಒಬ್ಬರೇ ಇರೋದು."

"ಮತ್ತೆ ಈ ಅತ್ತೆ ಎಲ್ಲಿಂದ ಬಂದ್ಳು?"

ಹತ್ತೂ ಮುಕ್ಕಾಲು. ಅಕ್ಕ ಪಾಲುದಾರನನ್ನು ಒಳಗೆ ಕರೆದು ಬಾಗಿಲು ಮುಚ್ಚಿದಳು.

"ಪುಸ್ತಕ ಕೊಡಿ ಸ್ವಾಮಿ."

"ಯಾವ ಪುಸ್ತಕ?"

"ನೀವು ತಪ್ಪಾಗಿ ಓದಿದ್ದು. ಇವಳು ಅವರವರ ಮಾತನ್ನೇ ಬರೀತಾಳೆ, 'ನಾನು' ಅನ್ನೋದನ್ನ ಮಾತ್ರ ನುಂಗಿಬಿಡ್ತಾಳೆ. ಶಾಲೆಯಿಂದಲೂ ಅದೇ ಚಾಳಿ. 'ಸಭೆ ಮುಗಿದ ಮೇಲೆ ಅತ್ತೆ' — ಹೀಗೇನೋ ಬರೆದಿರ್ತಾಳೆ. ಅದು ಕಣ್ಣೀರಿಟ್ಟು ಅತ್ತಿದ್ದು! ನೀವು ಅವಸರದಲ್ಲಿ ಓದಿ ಗಂಡನ ತಾಯಿ ಮಾಡಿಬಿಟ್ರಿ. ಮದುವೇನೇ ಆಗದವರಿಗೆ! ಈ ಅತ್ತೆ ಇರೋದು ಆ ಪುಸ್ತಕದಲ್ಲಿ ಮಾತ್ರ."

ತಂಗಿ ಬಿಳಿಚಿಕೊಂಡಳು. ಅಕ್ಷರಶಃ ಅದೇ ಸಾಲು.

ಪಾಲುದಾರ ತಲೆ ತಗ್ಗಿಸಿ ಲ್ಯಾಪ್‌ಟಾಪ್ ಚೀಲದ ಜಿಪ್ ಎಳೆದ.

"ಅದೇ ಕಾರ್ಖಾನೇಲಿ ತರಬೇತಿ ಕೆಲಸ ಕೇಳೋಣ ಅಂತಿದ್ದೆ. ಅವರ ಮನಸ್ಸು ತಿಳಿದ್ರೆ ಸುಲಭ ಅಂತ... ಇವತ್ತೇ ವಾಪಸ್ ಇಡ್ತಿದ್ದೆ."

"ಯಾರಿಗಾದ್ರೂ ತೋರಿಸಿದ್ರಾ?" ಪುಸ್ತಕ ಇಸಿದುಕೊಂಡು ಸಲಹೆಗಾರ್ತಿ ಕೇಳಿದಳು.

"ಇಲ್ಲ. ದೇವರಾಣೆ."

"ಕಚೇರಿ ಕೀಲಿ ಇಟ್ಟು ಹೋಗಿ," ಎಂದಳು ಸಲಹೆಗಾರ್ತಿ.

ಅವನು ಹೋದ ಮೇಲೆ ರಿಸೆಪ್ಷನಿಸ್ಟ್ ಇಣುಕಿದಳು. "ಮೆಟ್ಟಿಲ ಮೇಲೆ ಕಾರ್ಖಾನೆ ಮೇಡಂ ಹೆಜ್ಜೆ ಸದ್ದು."

"ಪುಸ್ತಕ ಸಿಕ್ತಲ್ಲ," ಎಂದಳು ಅಕ್ಕ ಮೆಲ್ಲಗೆ. "ಹೇಳ್ಲೇಬೇಕಾ?"

"ಹೇಳ್ಬೇಕು ಅಕ್ಕಾ."

ಹೇಳಿದಳು — ಹೂಕುಂಡದಿಂದ ಹಿಡಿದು ಅಕ್ಕನ ಊಹೆಯವರೆಗೆ, ಒಂದನ್ನೂ ಬಿಡದೆ. ಮೇಡಂ ಅಲುಗದೆ ಕೇಳಿದರು. ಎದ್ದು ಬ್ಯಾಗು ಹೆಗಲಿಗೇರಿಸಿದರು. ಮುಗಿಯಿತು ಅಂದುಕೊಂಡಳು ಅವಳು.

ಬಾಗಿಲ ಬಳಿ ಅವರು ನಿಂತರು.

"'ಕಾರಲ್ಲೂ ಅತ್ತೆ, ಮನೇಲೂ ಅತ್ತೆ' ಅಂತಾನೂ ಇದೆಯಲ್ವಾ ಅದರಲ್ಲಿ?"

"ಇದೆ."

"ಅಬ್ಬಾ! ಎಂಥಾ ಅತ್ತೆ ಅಂದುಕೊಂಡ್ರೋ ಪಾಪ!"

ಸಣ್ಣಗೆ ಶುರುವಾದ ನಗು ಭುಜ ಕುಲುಕಿಸಿತು. ಕಣ್ಣೊರೆಸಿಕೊಂಡು ಮರಳಿ ಬಂದು ಕುರ್ಚಿಯಲ್ಲಿ ಕುಳಿತರು.

"ಇನ್ಮೇಲೆ ಪುಸ್ತಕ ನನ್ನ ಹತ್ರಾನೇ ಇರುತ್ತೆ. ಬರುವಾಗ ತರ್ತೀನಿ. ಈಗ ಇವತ್ತಿನದು ಬರೀರಿ — ನಕ್ಕೆ, ಅಂತ."

ಸಲಹೆಗಾರ್ತಿ ಪೆನ್ನು ತೆಗೆದಳು. ಮೊದಲು, ಬಿಡಿಸಿ, ದುಂಡಗೆ, 'ನಾನು' ಎಂದು ಬರೆದಳು.