ಎರಡೂ ಮೆಷಿನ್ನಿನಲ್ಲಿ ಬಿಲ್ಡ್ ಆಗಬೇಕು

“ಮತ್ತೆ ಎರರ್!” ಎಂದು ನಾಗರಾಜನ್ ಕುರ್ಚಿ ಹಿಂದಕ್ಕೆ ತಳ್ಳಿದಾಗ ಶಶಿಕಲಾಗೆ ಮೈಯೆಲ್ಲ ಉರಿದುಹೋಯಿತು.

ಸೇಲಂನ ಆ ಪುಟ್ಟ ಆಫೀಸಿನಲ್ಲಿ ಶಂಕಗಿರಿಯ ಲಾರಿ ಬುಕಿಂಗ್‌ನವರಿಗೆ ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಕೆಲವರ ಬಳಿ ವಿಂಡೋಸ್, ಕೆಲವರ ಬಳಿ ಯೂನಿಕ್ಸ್. ಒಂದೇ ಕೋಡು ಎರಡರಲ್ಲೂ ಬಿಲ್ಡ್ ಆಗಿ, ಓಡುವ ಪ್ರೋಗ್ರಾಮಾಗುವ ಹಾಗೆ ಮಾಡ್ಯೂಲುಗಳನ್ನು ಮಗುವಿನಂತೆ ಸಾಕಿದವಳು ಇವಳೇ. ಈಗ ಮಗ್ಗ ನಡೆಸುವ ಅಪ್ಪ ಮದುವೆಯ ಮಾತೆತ್ತಿ, ಕೆಲಸ ಬಿಡು ಎಂದಿದ್ದರು. ಮಾಲೀಕ ಅರುಣಾಚಲಂ ಒಂದೇ ಷರತ್ತು ಹಾಕಿದರು: ಅವಳು ಎಲ್ಲವನ್ನೂ ಬರೆದಿಡಬೇಕು. ಅದನ್ನು ಓದಿಕೊಂಡೇ, ಅವಳ ಜಾಗಕ್ಕೆ ಬಂದ ನಾಗರಾಜನ್ ಎರಡೂ ಮೆಷಿನ್ನಿನಲ್ಲಿ ಬಿಲ್ಡ್ ಮಾಡಿ ತೋರಿಸಬೇಕು. ಆಮೇಲೆ ಅವಳು ಹೊರಡಬಹುದು.

ಅವಳಿಗೆ ಹೊರಡುವ ಮನಸ್ಸಿರಲಿಲ್ಲ. ಆದರೂ ತಾನು ಬರೆದದ್ದು ಒಬ್ಬರಿಗೂ ಅರ್ಥವಾಗದೆ ಹೋದರೆ ಮಾನ ಏನಾಗಬೇಕು? ಕೊಳತ್ತೂರಿನಿಂದ ಬರುವ ಈ ಜಾಣನಿಗೆ ಎಷ್ಟು ಬಿಡಿಸಿ ಬರೆದರೂ ತಿಂಗಳಿಂದ ತಲೆಗೆ ಹತ್ತುತ್ತಿರಲಿಲ್ಲ.

“ಏಳ್ರೀ, ನಾನು ನೋಡ್ತೀನಿ.”

ಬಿಲ್ಡಿನ ಹೆಜ್ಜೆಗಳನ್ನು ಬರೆಯುವ ಮೇಕ್‌ಫೈಲಿನಲ್ಲಿ ಟ್ಯಾಬ್ ಒತ್ತಬೇಕಾದ ಕಡೆಯೆಲ್ಲ ಇವನು ಸ್ಪೇಸ್ ಹೊಡೆದಿದ್ದ. ಮೊದಲ ಪುಟದಲ್ಲೇ ಅವಳು ದಪ್ಪಕ್ಷರದಲ್ಲಿ ಬೇಡ ಎಂದು ಬರೆದಿದ್ದ ತಪ್ಪು! ಪಕ್ಕದ ಡೈರೆಕ್ಟರಿ ತೆರೆದರೆ, ಎರಡೂ ಮೆಷಿನ್ನಿನ ಪ್ರೋಗ್ರಾಮು ತಯಾರಾಗಿ ಕೂತಿತ್ತು. ತಾರೀಖು ಹೋದ ತಿಂಗಳದ್ದು.

“ಏನ್ರೀ ಇದು?”

ನಾಗರಾಜನ್‌ನ ಕಿವಿ ಕೆಂಪಾಯಿತು. “ಮೊದಲ್ನೇ ಸಲಾನೇ ಆಗೋಗಿತ್ತು.”

“ಮತ್ತೆ ಈ ನಾಟಕ ಯಾಕೆ? ನಂಗೆ ಬರಿಯಾಕೇ ಬರಲ್ಲಾಂತ ಮನೇಲಿ ಅತ್ತಿದೀನಿ, ಗೊತ್ತಾ?”

“ಅಯ್ಯೋ! ನೀವು ಬರ್ದಿರೋದು ಬೋ ಚೆಂದಾಗೈತೆ. ಆಯ್ತು ಅಂದ್ರೆ ನೀವು ಓಗ್ಬಿಡ್ತೀರಲ್ಲಾ... ಅದ್ಕೇ.”

“ಸತ್ಯಮಾ?”

“ಸತ್ಯವಾಗ್ಲೂ.”

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಎಷ್ಟು ಖುಷಿಯಾಯಿತೆಂದರೆ, ಮುಖ ಮರೆಸಲು ಮಾನಿಟರ್ ಕಡೆ ತಿರುಗಬೇಕಾಯಿತು.

“ಇನ್ನೆಷ್ಟು ದಿನ ಸ್ಪೇಸ್ ಹೊಡ್ಕಂಡು ನನ್ನ ನಿಲ್ಲಿಸ್ತೀರಾ? ಸರಿಯಾಗಿ ಬಿಲ್ಡ್ ಮಾಡ್ರಿ. ಆಮೇಲೆ ಕೇಳೋದಿದ್ರೆ ಬಾಯಿಬಿಟ್ಟು ಕೇಳ್ರಿ.”

ಅವನು ಸಾಲು ಸಾಲಾಗಿ ತಿದ್ದಿದ. ಎರಡೂ ಮೆಷಿನ್ನಿನಲ್ಲಿ ಒಂದು ಎರರ್ ಕೂಡ ಬರಲಿಲ್ಲ. ಇನ್ನು ಅವಳನ್ನು ತಡೆಯಲು ಅವನ ಕೈಯಲ್ಲಿ ಏನೂ ಉಳಿಯಲಿಲ್ಲ.

“ನನ್ನ ಮದ್ವೆ ಆಗ್ತೀರಾ? ನಮ್ದು ಹೊಲ, ನಿಮ್ದು ಮಗ್ಗ. ನಿಮ್ಮಪ್ಪ ಒಪ್ತಾರೋ ಇಲ್ವೋ...”

“ಅಮಾವಾಸ್ಯೆ ದಿನ ಮನೇಗ್ ಬನ್ನಿ.”

“ಅಮಾವಾಸ್ಯೆಗಾ? ಎಣ್ಣು ಕೇಳಾಕಾ?”

“ನಮ್ಮ ಬೀದೀಲಿ ಮಗ್ಗ ನಿಲ್ಲೋದೇ ಅವತ್ತು. ಬೇರೆ ದಿನ ಆ ಸದ್ದಲ್ಲಿ ಅಪ್ಪಂಗೆ ಯಾರ ಮಾತೂ ಕೇಳ್ಸಲ್ಲ. ನನ್ನ ಕೆಲ್ಸದ ಮಾತು ನಾನೇ ಆಡ್ತೀನಿ, ನಿಮ್ಮ ಮಾತು ನೀವು ಆಡಿ.”

“ಅವರು ಆಗಲ್ಲ ಅಂದ್ರೆ?”

ಶಶಿಕಲಾ ಈ ಸಲ ಮುಖ ಮರೆಸಲಿಲ್ಲ.

“ಮುಂದಿನ ಅಮಾವಾಸ್ಯೆಗೂ ಬನ್ನಿ. ನಾನು ಕಾಯ್ತೀನಿ.”